ಕೇಸರಿ ದುಂಬಿಯನ್ನು ಅರಸಿ ಪಟಗೋನಿಯಾಕ್ಕೆ

ಪಟಗೋನಿಯಾದಲ್ಲಿ ಜನವರಿಯೆಂದರೆ ನಡುಬೇಸಿಗೆ. ಅರ್ಜೆಂಟೀನಾದ ಬಾರಿಲೋಚೆಯಿಂದ ಚಲ್ವಾಕೊ ಕಣಿವೆಗೆ ಹತ್ತಿದಾಗ ಲೆಂಗಾ ಮರಗಳ ಕೆಳಗೆಲ್ಲ ಅಮಾನ್ಕಾಯ್ ಹೂ ಅರಳಿತ್ತು. ಕಾಡಿಗೆ ಕಾಡೇ ಅರಿಸಿನ ಮಿಂದಂತಿತ್ತು.

ಈ ಹೂಗಳ ಹಳೆಯ ಒಡನಾಡಿ ಬೊಂಬಸ್ ಡಾಲ್ಬೋಮಿ ಎಂಬ ದುಂಬಿ. ಮೈತುಂಬ ಕೇಸರಿ ರೋಮ. ರಾಣಿ ನಾಲ್ಕು ಸೆಂಟಿಮೀಟರಿನ ಹತ್ತಿರಕ್ಕೆ ಬೆಳೆಯುತ್ತಾಳೆ. ಜಗತ್ತಿನ ಅತಿ ದೊಡ್ಡ ಬಂಬಲ್‌ಬೀಗಳಲ್ಲಿ ಇದೂ ಒಂದು. ಈ ಕಾಡುಗಳ ಮೂಲನಿವಾಸಿ ಬಂಬಲ್‌ಬೀ ಎಂದರೆ ಇದೊಂದೇ. ಬಂಬಲ್‌ಬೀಗಳೇ ಇಲ್ಲದ ದಕ್ಷಿಣ ಭಾರತದಿಂದ ನಾನು ಅಷ್ಟು ದೂರ ಹೋದದ್ದು ಇದನ್ನು ನೋಡಲೆಂದೇ.

ಕಣಿವೆಯಲ್ಲಿ ಝೇಂಕಾರಕ್ಕೆ ಕೊರತೆಯಿರಲಿಲ್ಲ. ಆದರೆ ಕಂಡದ್ದೆಲ್ಲ ಕಪ್ಪು ಮೈ, ಹಳದಿ ಪಟ್ಟಿ, ಬಿಳಿ ಹಿಂಬದಿ. ಅವು ಯುರೋಪ್ ಮೂಲದ ಬೊಂಬಸ್ ಟೆರೆಸ್ಟ್ರಿಸ್.

ಅವನ್ನು ಇಲ್ಲಿಗೆ ಕರೆತಂದದ್ದು ಟೊಮೆಟೊ. ಅದರ ಹೂವಿನಿಂದ ಪರಾಗ ಉದುರಬೇಕಾದರೆ ಹೂವನ್ನು ಅದುರಿಸಬೇಕು. ಬಂಬಲ್‌ಬೀ ತನ್ನ ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಇದನ್ನು ಸೊಗಸಾಗಿ ಮಾಡುತ್ತದೆ. 1980ರ ದಶಕದ ಕೊನೆಗೆ ಬೆಲ್ಜಿಯಂನಲ್ಲಿ ಇವನ್ನು ಸಾಕಿ ಮಾರುವ ಉದ್ಯಮ ಶುರುವಾಯಿತು. ರಟ್ಟಿನ ಪೆಟ್ಟಿಗೆಗಳಲ್ಲಿ ದುಂಬಿಗಳು ವಿಮಾನವೇರಿದವು. 1998ರ ಹೊತ್ತಿಗೆ ಚಿಲಿಯ ಹಸಿರುಮನೆಗಳನ್ನು ತಲುಪಿ, ಅಲ್ಲಿಂದ ಕಾಡಿಗೆ ನುಗ್ಗಿದವು. ಅರ್ಜೆಂಟೀನಾ ಆಮದಿಗೆ ಒಪ್ಪದಿದ್ದರೂ 2006ರಲ್ಲಿ ಆಂಡಿಸ್ ದಾಟಿ ಬಂದೇಬಿಟ್ಟವು. ಚಿಲಿ ಈವರೆಗೆ ತರಿಸಿಕೊಂಡ ಗೂಡು ಮತ್ತು ರಾಣಿಗಳು ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು.

ಪೆಟ್ಟಿಗೆಯಲ್ಲಿ ಬಂದದ್ದು ದುಂಬಿ ಮಾತ್ರವಲ್ಲ. ಟೆರೆಸ್ಟ್ರಿಸ್ ಬಂದ ಮೇಲೆ ಬಾರಿಲೋಚೆ ಸುತ್ತಲಿನ ಸ್ಥಳೀಯ ದುಂಬಿಗಳಲ್ಲೂ ಎಪಿಸಿಸ್ಟಿಸ್ ಬೊಂಬಿ ಎಂಬ ಪರಾವಲಂಬಿ ಪತ್ತೆಯಾಯಿತು. ಹಿಂದಿನ ಮಾದರಿಗಳಲ್ಲಿ ಅದು ಇರಲಿಲ್ಲ. ಕೇಸರಿ ದುಂಬಿ ಹಲವೆಡೆ ಮಾಯವಾಗಿ, ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಕೊಡಗು, ದಕ್ಷಿಣ ಕನ್ನಡಗಳ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದದ್ದನ್ನು ಬಲ್ಲವರಿಗೆ ರೋಗದ ಈ ವೇಗ ಹೊಸದಲ್ಲ.

ಕಾರ್ಡಿನಲ್ ಸಮೊರೆ ಕಣಿವೆದಾರಿಯಲ್ಲಿ ಗಡಿ ದಾಟಿದೆ. ಚಿಲಿಯ ತಪಾಸಣೆಯವರು ನಮ್ಮ ಚೀಲಗಳಲ್ಲಿ ಹಣ್ಣು, ಬೀಜ, ಜೇನುತುಪ್ಪವಿದೆಯೇ ಎಂದು ಹುಡುಕಿದರು. ಕೀಟ, ರೋಗ ಒಳಗೆ ಬರಬಾರದೆಂಬ ಆ ಎಚ್ಚರ ನನಗೆ ಮೆಚ್ಚುಗೆಯಾಯಿತು. ಆಮದಾದ ದುಂಬಿ ಪೆಟ್ಟಿಗೆಗಳ ವಿಷಯದಲ್ಲೂ ಇಷ್ಟು ಎಚ್ಚರ ಇರಬಾರದಿತ್ತೇ ಎಂದು ಹೊಟ್ಟೆಯುರಿಯಿತು.

ಪುಯೆವೆ ಕಾಡಂಚಿನಲ್ಲಿ ಚಿಲ್ಕೊ ಪೊದೆಯ ಕೆಂಪು ಹೂಗಳು ತೂಗುತ್ತಿದ್ದವು. ಹಲವು ಹೂಗಳ ಬುಡದಲ್ಲಿ ತೂತು. ನಾಲಗೆ ಚಿಕ್ಕದಾದ ಟೆರೆಸ್ಟ್ರಿಸ್ ಬುಡ ಕಚ್ಚಿ ಮಕರಂದ ಕದಿಯುತ್ತದೆ. ಆಗ ಪರಾಗ ಅದರ ಮೈಗೆ ತಗಲುವುದೇ ಇಲ್ಲ. ಅಷ್ಟರಲ್ಲಿ ಗಂಭೀರವಾದ ಮೊರೆತ ಕೇಳಿಸಿತು. ಬಂದೇಬಿಟ್ಟಳು ಕೇಸರಿ ರಾಣಿ! ಅವಳ ಭಾರಕ್ಕೆ ಹೂವಿನ ತೊಟ್ಟು ಬಾಗಿತು. ಬಿಸಿಲಿಗೆ ರೋಮವೆಲ್ಲ ಕೆಂಡದ ಬಣ್ಣ. ಉದ್ದನೆಯ ನಾಲಗೆ ಚಾಚಿ, ಹೂವಿನ ಬಾಯಿಂದಲೇ ಮಕರಂದ ಹೀರಿದಳು. ನನ್ನ ಕಣ್ಣು ತುಂಬಿ ಬಂತು.

ಟೊಮೆಟೊ ಬೆಳೆಗಾರರ ಅಗತ್ಯ ನಿಜವೇ. ಅದಕ್ಕೆ ಆಯಾ ನೆಲದ ದುಂಬಿಗಳನ್ನೇ ಸಾಕುವ ದಾರಿ ಹುಡುಕಬೇಕು. ಆಮದಿಗೆ ಸಹಿ ಹಾಕುವ ದೇಶ ಒಂದೇ ಆದರೂ ಅದರ ಪರಿಣಾಮ ಉಣ್ಣುವುದು ನೆರೆಹೊರೆಯೆಲ್ಲ. ಆದ್ದರಿಂದ ಮೊದಲ ಪೆಟ್ಟಿಗೆ ತೆರೆಯುವ ಮುನ್ನವೇ ನೆರೆಯ ದೇಶದ ಒಪ್ಪಿಗೆಯೂ ಬೇಕು. ಒಮ್ಮೆ ಹಾರಿದ ದುಂಬಿಯನ್ನು ಯಾವ ಸರ್ಕಾರವೂ ಮರಳಿ ಪೆಟ್ಟಿಗೆಗೆ ಸೇರಿಸಲಾರದು.