ಎರಡೂವರೆ ಗಂಟೆ ಬಿಸಿಲು

ಬಾಲ್ಕನಿಯಲ್ಲಿ ಗಿಡ ಬೆಳೆಸೋ ಆಸೆ ಬಂದ್ರೆ ನಾವೆಲ್ಲ ಮಾಡೋ ಮೊದಲ ಕೆಲಸ ಭಾನುವಾರ ನರ್ಸರಿಗೆ ಹೋಗಿ ಚೆಂದ ಕಂಡಿದ್ದನ್ನೆಲ್ಲ ಕಾರಿನ ಡಿಕ್ಕಿಗೆ ತುಂಬೋದು. ನಮ್ಮವ್ವ ಅದಕ್ಕೆ ಒಪ್ಪಲಿಲ್ಲ. ಮಂಡಿ ಆಪರೇಷನ್ ಆಗಿ, ಪಿರಿಯಾಪಟ್ಟಣದ ಕಡೆಯ ನಮ್ಮೂರಿಂದ ಬೆಂಗಳೂರಿನ ಮೂರನೇ ಮಹಡಿ ಮನೆಗೆ ಬಂದು ಇಪ್ಪತ್ತು ದಿನವಾಗಿತ್ತು. ಟೀವಿ ಬೇಜಾರಾಗಿತ್ತು, ಗೋಡೆ ನೋಡ್ತಾ ಕೂರೋಳು. ಕೈಗೊಂದು ಕೆಲಸ ಇದ್ರೆ ಇಲ್ಲೇ ಒಗ್ಗಿಕೊಳ್ತಾಳೇನೋ ಅನ್ನೋ ಲೆಕ್ಕಾಚಾರದಲ್ಲಿ ನಾನು ಗಿಡದ ಮಾತು ತೆಗೆದದ್ದು.

"ಗಿಡ ಆಮ್ಯಾಕ್ ತರೀವಂತೆ. ಮೊದ್ಲು ಬಿಸ್ಲು ಎಲ್ಲೀಗಂಟ ಬತ್ತದೆ ನೋಡು" ಅಂದಳು.

ನಮ್ಮ ಬಾಲ್ಕನಿ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಪೂರ್ವಕ್ಕೆ ಮುಖ. ದಕ್ಷಿಣದ ಕಡೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ. ಅವ್ವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಅರ್ಧ ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ನನ್ನ ಮಗಳ ಕೈಲಿ ರಂಗೋಲಿ ಪುಡಿಯ ಗೆರೆ ಎಳೆಸಿದಳು. ಕಂಬಿ ಪಕ್ಕ ಏಳೂವರೆಯಿಂದ ಹತ್ತರವರೆಗೆ, ಅಂದ್ರೆ ಎರಡೂವರೆ ಗಂಟೆ. ನಡುವೆ ಒಂದು ಗಂಟೆ. ಬಾಗಿಲ ಹತ್ತಿರ ಬೆಳಕಷ್ಟೇ, ಬಿಸಿಲಿಲ್ಲ. ನಾನು ಅದನ್ನ ಎಕ್ಸೆಲ್‌ಗೆ ಹಾಕಿದೆ (ಹಾಕದೆ ಇರೋಕಾಗುತ್ತಾ).

ಒಂದು ದಿನದ ಲೆಕ್ಕ ಸಾಲಲ್ಲ ಅನ್ನೋದು ನಾನು ಸೇರಿಸೋ ಮಾತು. ಬೆಂಗಳೂರು, ಮೈಸೂರು ಇರೋದು 12–13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರ್ತಾನೆ, ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಜೂನ್‌ನಲ್ಲಿ ಬಿಸಿಲು ಬಂದ್ರೂ ಡಿಸೆಂಬರ್‌ನಲ್ಲಿ ಇಲ್ಲ. ದಕ್ಷಿಣದ್ದು ತಿರುಗಾಮುರುಗಾ. ನಮ್ಮನೇಲಿ ಚಳಿಗಾಲದ ಸೂರ್ಯನನ್ನ ಪಕ್ಕದ ಗೋಡೆ ನುಂಗುತ್ತೆ. ಮೇನಲ್ಲಿ ಗಿಡ ತಂದು ಡಿಸೆಂಬರ್‌ನಲ್ಲಿ "ಯಾಕೆ ಸೊರಗಿದೆ" ಅಂತ ಗೊಬ್ಬರ ಸುರಿಯೋರಿಗೆ ಇದು ಗೊತ್ತಿರಲಿ.

ನನಗೆ ಮಲ್ಲಿಗೆ ಬೇಕಿತ್ತು. ಊರಲ್ಲಿ ಬಚ್ಚಲು ನೀರು ಹರಿಯೋ ಜಾಗದಲ್ಲಿ ಅವ್ವನ ಮಲ್ಲಿಗೆ ಬಳ್ಳಿ ಇದೆ, ಅದನ್ನೇ ತರೋಣ ಅಂದೆ. ಅವಳು ಗೆರೆಗಳನ್ನ ನೋಡಿ ತಲೆ ಆಡಿಸಿದಳು. "ಬದೀಕತದೆ. ಹೂವ ಬುಡಾಕಿಲ್ಲ ಕಣ್ ಮಗ."

ನಿಜ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ರೆ ಎಲೆಯನ್ನೇ ಬಿಡುತ್ತೆ. ಬೋಗನ್‌ವಿಲ್ಲಾ, ರಂಗೂನ್ ಮಲ್ಲೆ, ಶಂಖಪುಷ್ಪ ಎಲ್ಲದರ ಕತೆಯೂ ಹೀಗೇ. ತಮಾಷೆ ಏನಂದ್ರೆ, ಜಿಐ ಟ್ಯಾಗ್ ಸಿಕ್ಕಿರೋ ಮೈಸೂರಿನ ಎರಡು ಬಳ್ಳಿಗಳಲ್ಲಿ ಒಂದು ಈ ಮಲ್ಲಿಗೆ, ಇನ್ನೊಂದು ವೀಳ್ಯದೆಲೆ. ಒಂದಕ್ಕೆ ಬಯಲು ಬೇಕು, ಇನ್ನೊಂದಕ್ಕೆ ನೆರಳು. ಎಲೆತೋಟದಲ್ಲಿ ಅಗಸೆ, ನುಗ್ಗೆ ಮರ ನೆಟ್ಟು, ಅದರ ನೆರಳಲ್ಲೇ ಅಂಬು ಹಬ್ಬಿಸ್ತಾರೆ. ನಮ್ಮ ಬಾಲ್ಕನಿಗೆ ಬೇಕಾದ್ದು ಮರದ ಕೆಳಗೆ ಬಾಳಿ ಅಭ್ಯಾಸ ಇರೋ ಗಿಡಗಳು.

ಅಂಥವು ನಮ್ಮ ನೆಂಟರ ಹಿತ್ತಲಲ್ಲೇ ಇದ್ದವು, ನರ್ಸರಿಗೆ ಹೋಗಲೇ ಇಲ್ಲ. ಹುಣಸೂರಿನ ಚಿಕ್ಕಮ್ಮ ನಾಲ್ಕೈದು ಗಿಣ್ಣಿರೋ ಎಲೆ ಅಂಬನ್ನ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿದ್ರು. ಎರಡು ಗಿಣ್ಣು ಮಣ್ಣೊಳಗೆ, ಉಳಿದದ್ದು ಮೇಲೆ. ಹಬ್ಬೋಕೆ ತೆಂಗಿನ ನಾರು ಸುತ್ತಿದ ಕೋಲು. ಕೆ.ಆರ್. ನಗರದಿಂದ ಅಕ್ಕ ಬಸಳೆ ಕಡ್ಡಿಯನ್ನೂ ಗದ್ದೆ ಬದುವಿನ ಒಂದೆಲಗಾನೂ ಕೊಟ್ಟಳು. ಎಚ್.ಡಿ. ಕೋಟೆಯ ಸೋದರಮಾವನದ್ದು ಬಾವಲಿ ಕಡೆ ದಾರಿ, ಅದು ದಾಟಿದ್ರೆ ವಯನಾಡು. ಅವರು ತಂದದ್ದು ಮೆಣಸು. ಮೆಣಸಿನ ಬಳ್ಳಿಯಲ್ಲಿ ಫಸಲು ಕಚ್ಚೋ ಅಡ್ಡ ಕವಲನ್ನ ಕತ್ತರಿಸಿ ನೆಟ್ರೆ ಅದು ಮೇಲೆ ಹತ್ತಲ್ಲ, ಪೊದೆಯಾಗಿ ಕುಂಡದಲ್ಲೇ ಕಾಯಿ ಬಿಡುತ್ತೆ. ಇಷ್ಟು ಸಣ್ಣ ಜಾಗಕ್ಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಬಾಗಿಲ ಪಕ್ಕದ ಕತ್ತಲೆಗೆ ಮಾತ್ರ ಹೆಂಡತಿಯ ಮನಿ ಪ್ಲಾಂಟ್. ಅದನ್ನ ಮಕ್ಕಳು ಬಾಯಿಗೆ ಹಾಕಿದ್ರೆ ಉರಿಯಾಗುತ್ತೆ, ಎತ್ತರದಲ್ಲಿಡಿ.

ಮಣ್ಣನ್ನೇ ತುಂಬಿದ್ರೆ ಕುಂಡ ಭಾರ. ಅಣ್ಣ ಹೊಗೆಸೊಪ್ಪಿನ ಟ್ರೇ ಸಸಿಗೆ ಅಂತ ತಂದಿದ್ದ ತೆಂಗಿನ ನಾರಿನ ಪುಡಿ ಒಂದು ಮೂಟೆ ಮಿಕ್ಕಿತ್ತು. ಅದು, ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಮೂರೂ ಸಮಸಮ. ಬಿಳಿ ತಿಗಣೆ ಬಂದಾಗ ಅಣ್ಣ "ಹೊಗೆಸೊಪ್ಪಿನ ಕಷಾಯ ಹೊಡಿ" ಅಂದ. ನಾನು ಹೊಡೀಲಿಲ್ಲ. ನಿಕೋಟಿನ್ ವಿಷ, ಇವು ನಾವು ತಿನ್ನೋ ಎಲೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು ಸಿಂಪಡಿಸಿದೆ. ಹೋಯ್ತು.

ಇಷ್ಟರಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅವ್ವ ಪ್ರತಿ ಗಿಡಕ್ಕೂ ಒಂದೇ ಪ್ರಶ್ನೆ ಕೇಳೋಳು: "ಎಲ್ಡ್ ದಿನ ನೀರ್ ಇಲ್ದಿದ್ರೆ ತಡೀತದಾ?" ತಡೆಯದ ಒಂದೆಲಗಾನ ಎಲೆ ಬಳ್ಳಿಯ ಕುಂಡದ ಕೆಳಗೆ ಅಗಲ ತಟ್ಟೆಯಲ್ಲಿ ಹಾಕಿಸಿದಳು, ಮೇಲೆ ಹಾಕಿದ ನೀರು ಸೋರಿ ಕೆಳಗಿನದಕ್ಕೂ ಆಗುತ್ತೆ. ದಿನಾ ಅವಳೇ ಹಾಕ್ತಾಳೆ ಅನ್ನೋದು ನನ್ನ ಎಣಿಕೆ. ಅವಳು ಗಿಡ ಆರಿಸ್ತಾ ಇದ್ದದ್ದು ಆಫೀಸಿಂದ ರಾತ್ರಿ ಒಂಬತ್ತಕ್ಕೆ ಬರೋ ನನ್ನ ಕೈಗೆ.

"ಇಲ್ಲೇ ಇರವ್ವ" ಅಂದೆ. "ಇದ್ದೀನಲ್ಲ" ಅಂದಳು. ಮೊದಲ ಮಳೆ ಬಿದ್ದು ಊರಲ್ಲಿ ಹೊಗೆಸೊಪ್ಪಿನ ನಾಟಿ ಶುರುವಾಗಿದ್ದೇ ತಡ, ವಾಕರ್ ಮೂಲೆಗಿಟ್ಟು, ಕೋಲು ಹಿಡಿದು ಹೊರಟೇಬಿಟ್ಟಳು.

ಆಯುಧಪೂಜೆಗೆ ಮೊದಲ ಸಲ ನಮ್ಮದೇ ಎಲೆ ಕಿತ್ವಿ, ಹನ್ನೊಂದು. ಫೋಟೋ ಕಳಿಸಿದೆ. "ಎಲೆ ಅಗ್ಲ ಅದೆ, ಖಾರ ಇರಾಕಿಲ್ಲ" ಅಂತ ಫೋನ್ ಮಾಡಿದಳು. ತಿಂದು ನೋಡಿದೆ, ಹಾಗೇ ಇತ್ತು. ಈಗ ಸೂರ್ಯ ಗೋಡೆಯ ಹಿಂದಕ್ಕೆ ಸರೀತಿದ್ದಾನೆ, ಕಂಬಿ ಪಕ್ಕದ ಬಿಸಿಲು ಒಂದೂಮುಕ್ಕಾಲು ಗಂಟೆಗೆ ಇಳಿದಿದೆ. ಈ ಶನಿವಾರ ಬಸಳೆ ಕುಂಡಾನ ಮುಂದಕ್ಕೆ ಎಳೀಬೇಕು.