ಹಿತ್ತಿಲಿನ ಗೊಬ್ಬರ

ಗೊಬ್ಬರವೆಂಬ ಮಾತು ಕಿವಿಗೆ ಬಿದ್ದೊಡನೆ ಮೂಗು ಮುಚ್ಚಿಕೊಳ್ಳುವ ಸುಶಿಕ್ಷಿತರಿಗೂ ಮಲ್ಲಿಗೆಯ ಕಂಪು ಬೇಕು. ಒಂದು ಇನ್ನೊಂದರಿಂದ ಹುಟ್ಟುವುದೆಂಬುದನ್ನು ಮಾತ್ರ ಅವರು ನೆನೆಯಲೊಲ್ಲರು.

ನಿವೃತ್ತರಾದ ಉಪಾಧ್ಯಾಯರೊಬ್ಬರ ಹಿತ್ತಿಲಿನಲ್ಲಿ ಅವರ ಪತ್ನಿ ನೆಟ್ಟ ಮಲ್ಲಿಗೆಯ ಪೊದೆಯೊಂದಿದ್ದಿತು. ಆಕೆ ತೀರಿಕೊಂಡ ಬಳಿಕ ಆರೈಕೆಯಿಲ್ಲದೆ ಅದು ಮೊಗ್ಗು ಬಿಡುವುದನ್ನೇ ನಿಲ್ಲಿಸಿತು. ಮೇಷ್ಟರ ಮನಸ್ಸು ಕಲಕಿತು. ಕೋಳಿಯ ಗೊಬ್ಬರವೇ ಎಲ್ಲಕ್ಕಿಂತ ಬಲವಾದುದೆಂದು ಯಾರೋ ಹೇಳಿದುದನ್ನು ನಂಬಿ, ಶ್ರಾವಣದ ಒಂದು ದಿನ ಹಸಿಯದನ್ನೇ ಒಂದು ಮಂಕರಿ ತರಿಸಿ ಬುಡಕ್ಕೆ ಸುರಿಸಿದರು. ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಸುಟ್ಟಂತೆ ಕಂದಿತು.

ಹಾಲು ಕೊಡಲು ಬಂದ ನೆರೆಯ ಮುದುಕಿ ಅದನ್ನು ಕಂಡು, “ಉಪವಾಸ ಬಿದ್ದವರಿಗೆ ಒಂದೇ ಸಲಕ್ಕೆ ಹೋಳಿಗೆ ಊಟ ಇಕ್ತಾರಾ ಮೇಷ್ಟ್ರೇ? ಮೊದಲು ಗಂಜಿ ಕೊಡಬೇಕು” ಎಂದಳು. ಗೊಬ್ಬರವನ್ನೆಲ್ಲ ಕೆರೆದು ದೂರ ಹಾಕಿ, ಬುಡಕ್ಕೆ ನಾಲ್ಕಾರು ಕೊಡ ನೀರು ಹೊಯ್ಯಿಸಿದಳು.

ಮುದುಕಿಯ ಮಾತಿನಲ್ಲಿ ಶಾಸ್ತ್ರವೇ ಅಡಗಿದ್ದಿತು. ಕೊಟ್ಟಿಗೆಯ ಗೊಬ್ಬರದಲ್ಲಿ ಸಾರಜನಕವು ಶೇಕಡಾ 0.5ರಷ್ಟು ಮಾತ್ರ, ಕುರಿ ಕೋಳಿಗಳ ಗೊಬ್ಬರದಲ್ಲಿ ಶೇಕಡಾ 3ರವರೆಗೂ ಉಂಟು. ಕೋಳಿಯ ಹಸಿಗೊಬ್ಬರದ ಸತ್ತ್ವವು ಬೇಗನೆ ಅಮೋನಿಯವಾಗಿ ಬೇರನ್ನು ಸುಡುವುದು. ದನದ ಗೊಬ್ಬರವು ಮಂದಶಕ್ತಿಯದಾದರೂ ಮಣ್ಣನ್ನು ಸಡಿಲಿಸಿ ತೇವವನ್ನು ಹಿಡಿದಿಡುವುದು. ಬಯಲುಸೀಮೆಯ ರೈತರು ಬೇಸಗೆಯಲ್ಲಿ ಕುರುಬರಿಗೆ ಕಾಳನ್ನೋ ಹಣವನ್ನೋ ಕೊಟ್ಟು ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸಿಕೊಳ್ಳುವರು. ಹಿಕ್ಕೆಯೊಡನೆ ಗಂಜಲವೂ ನೆಲಕ್ಕೆ ಇಳಿಯುವುದು. ಆದರೆ ಅಲ್ಲಿ ಬಿತ್ತನೆಗೆ ಮುನ್ನ ನೆಲಕ್ಕೆ ಬಿಡುವುಂಟು. ಹಿತ್ತಿಲಿನ ಗಿಡಕ್ಕೆ ಆ ಬಿಡುವೆಲ್ಲಿಯದು?

ಆದಕಾರಣ ಯಾವ ಪ್ರಾಣಿಯ ಗೊಬ್ಬರವೆಂಬುದಕ್ಕಿಂತ ಅದು ಮಾಗಿದೆಯೇ ಎಂಬುದೇ ಮುಖ್ಯ. ತಿಪ್ಪೆಯನ್ನು ನೆರಳಿನಲ್ಲಿ ಹಾಕಿ, ತೇವವಾರದಂತೆ ನೋಡಿಕೊಂಡು, ಆಗಾಗ ಮಗುಚಿ, ಕೆಲವು ತಿಂಗಳಾದರೂ ಕೊಳೆಯಬಿಡಬೇಕು. ಬಿಸಿಲು ಮಳೆಗಳಿಗೆ ಒಡ್ಡಿದರೆ ಸತ್ತ್ವವೆಲ್ಲ ಹಾರಿಯೋ ಹರಿದೋ ಹೋಗುವುದು. ಅರೆಕೊಳೆತ ಗೊಬ್ಬರದೊಡನೆ ಗೊಣ್ಣೆಹುಳುವೂ ಕಳೆಯ ಬೀಜವೂ ತೋಟಕ್ಕೆ ಬರುವುವು. ಮಾಗಿದುದರ ಗುರುತು ಸುಲಭ: ಕೈಗೆ ಬಿಸಿ ತಾಗದು, ಹಿಡಿದರೆ ಪುಡಿಯಾಗುವುದು, ಮೂಸಿದರೆ ಹೊಸಮಳೆಯ ಮಣ್ಣಿನ ವಾಸನೆ.

ಮಾರ್ಗಶಿರದಲ್ಲಿ ಮೇಷ್ಟರು ಪೊದೆಯನ್ನು ಸವರಿ, ಮುದುಕಿಯ ತಿಪ್ಪೆಯ ಹಳೆಯ ಗೊಬ್ಬರವನ್ನು ಬುಡದ ಸುತ್ತ ತೆಳ್ಳಗೆ ಹರಡಿದರು. ಚೈತ್ರದಲ್ಲಿ ಮೊಗ್ಗು ಬಂದಿತು. ಹೂ ಕಟ್ಟಲು ಅವರಿಗೆ ತಿಳಿಯದು, ಮುದುಕಿಯೇ ಕಟ್ಟಿಕೊಟ್ಟಳು. ಒಂದು ಮೊಳ ಪತ್ನಿಯ ಪಟಕ್ಕೆ ಏರಿತು. ಇನ್ನೊಂದು ಮೊಳವನ್ನು ಮುದುಕಿ ತನ್ನ ಹಸುವಿನ ಕೊರಳಿಗೆ ಹಾಕಿದಳು.