ಬಾತುಕೋಳಿಗಳ ಸಮೀಪದಲ್ಲಿ



ಈ ಸಂಚಿಕೆಗೆ ನಾನೇ ತೆಗೆದ ಒಂದು ಪಕ್ಷಿಚಿತ್ರವನ್ನು ಕೊಡಬೇಕೆಂಬ ಹಂಬಲವು ನನಗಿತ್ತು. ಆ ಹಂಬಲವು ಏನಾಯಿತೆಂಬದನ್ನು ತಮ್ಮ ಮುಂದೆ ಅರಿಕೆಮಾಡುತ್ತೇನೆ.

ರಾಯಚೂರಿನ ಮಾವಿನಕೆರೆಯನ್ನು, ಎಂದರೆ ಹಿರಿಯರು ಆಮ್ ತಲಾಬ್ ಎನ್ನುವ ಕೆರೆಯನ್ನು, ತಾವೆಲ್ಲರೂ ಬಲ್ಲಿರಿ. ಕಳೆದ ಚಳಿಗಾಲದಲ್ಲಿ ನಾಲ್ಕು ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕ್ಯಾಮರಾ ಹಿಡಿದು ಅಲ್ಲಿಗೆ ಹೋದೆನು. ದಡದ ಹತ್ತಿರ ಚುಕ್ಕೆಕೊಕ್ಕಿನ ಬಾತುಗಳು ಮೇಯುತ್ತಿದ್ದವು. ನಾನು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವೆಲ್ಲವೂ ಕತ್ತು ನೀಳಮಾಡಿ, ಒಂದಿಷ್ಟೂ ಅವಸರವಿಲ್ಲದೆ, ಕೆರೆಯ ನಡುವಿಗೆ ತೇಲಿಹೋಗುವವು. 300 ಮಿಲಿಮೀಟರಿನ ಮಸೂರವಿದ್ದರೂ ನನಗೆ ದೊರೆತದ್ದು ಬರೀ ಬೆನ್ನು ಮತ್ತು ಬಾಲ. ಪ್ರಶ್ನೆ ಕೇಳುವ ಉಪಾಧ್ಯಾಯಿನಿಗೆ ಮುಖ ತಪ್ಪಿಸುವದರಲ್ಲಿ ನಮ್ಮ ಹುಡುಗಿಯರೂ ಇಷ್ಟು ಜಾಣರಲ್ಲ!

ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1900ರ ಸುಮಾರಿಗೆ ಎತ್ತಿನ ತೊಗಲು ಹೊದಿಸಿದ ಟೊಳ್ಳು ಬೊಂಬೆಯೊಳಗೆ ಅಡಗಿ ಹಕ್ಕಿಗಳ ಚಿತ್ರ ತೆಗೆದರಂತೆ. ನಾನು ಎತ್ತಿನ ಹೊಟ್ಟೆ ಸೇರುವ ವಯಸ್ಸಿನವಳಲ್ಲ. ಸಾಲಿಂ ಅಲಿಯವರು 1931–32ರಲ್ಲಿ, ರಾಯಚೂರು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಪರಿಶೀಲನೆ ನಡೆಸಿದಾಗ, ಹಕ್ಕಿಯನ್ನು ಗುರುತಿಸಲು ಕೋವಿಯಿಂದ ಹೊಡೆದು ಮಾದರಿಯಾಗಿ ಇಡುವದೇ ವಾಡಿಕೆಯಾಗಿತ್ತು. ಕ್ಯಾಮರಾದಿಂದ ಯಾವ ಜೀವಿಗೂ ಹಾನಿಯಿಲ್ಲವೆಂದು ನಾನು ನಂಬಿದ್ದೆನು.

ನಮ್ಮ ವಸತಿಗೃಹದಲ್ಲಿ ಮಾನ್ವಿ ತಾಲೂಕಿನ ಒಬ್ಬ ಹುಡುಗಿಯಿದ್ದಾಳೆ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಅವಳು ಮಂದಮತಿಯೆಂದು ನಾನು ತೀರ್ಮಾನಿಸಿದ್ದೆನು. ನನ್ನ ಚಿತ್ರಗಳನ್ನು ನೋಡಿ ಆಕೆಯು, “ನಮ್ಮೂರಾಗ ಹತ್ರ ಬರ್ತಾವ್ರೀ” ಎಂದಳು. ದಸರಾ ರಜೆಯಲ್ಲಿ ಅವಳ ತಂದೆತಾಯಿಗಳ ಕರೆಯ ಮೇರೆಗೆ ಹೋದೆನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆ ಕಡೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ಗದ್ದೆಗಳ ಅಂಚಿನಲ್ಲಿ ಒಂದು ಸಣ್ಣ ಕುಂಟೆ. ಹುಡುಗಿಯು ನನ್ನನ್ನು ಜೇಕಿನ ಮರೆಯಲ್ಲಿ ಕುಳ್ಳಿರಿಸಿ, ತಾನೂ ಸುಮ್ಮನೆ ಕುಳಿತಳು.

ಅರ್ಧ ಗಂಟೆಯ ಮೇಲೆ ಒಂದು ಚುಕ್ಕೆಕೊಕ್ಕಿನ ಬಾತು ಈಚೆಗೆ ಬಂದಿತು. ಕರಿಯ ಕೊಕ್ಕಿನ ತುದಿಯ ಹಳದಿಯೂ ಬುಡದ ಕೆಂಪು ಚುಕ್ಕೆಯೂ ಬರಿಗಣ್ಣಿಗೆ ಕಂಡವು. ಬಾಲದ ಬುಡದ ಗ್ರಂಥಿಯಿಂದ ಎಣ್ಣೆಯನ್ನು ಕೊಕ್ಕಿಗೆ ತೆಗೆದುಕೊಂಡು ಗರಿಗಳಿಗೆ ಸವರಿಕೊಳ್ಳುತ್ತಿತ್ತು; ನೀರು ಮುತ್ತಿನಂತೆ ಉರುಳಿ ಬೀಳುತ್ತಿತ್ತು. ಅಷ್ಟಕ್ಕೆ ತೃಪ್ತಳಾಗಬೇಕಿತ್ತು. ಇನ್ನೂ ಸಮೀಪದ ಚಿತ್ರ ಬೇಕೆಂಬ ಆಸೆಯಿಂದ ಮೊಣಕಾಲೂರಿ ಮುಂದಕ್ಕೆ ಸರಿದೆನು.

ಬಾತು ಹಾರಿಹೋಗಲಿಲ್ಲ. ನನ್ನಿಂದ ಎಂಟೇ ಅಡಿ ದೂರದಲ್ಲಿ ಒಂದು ರೆಕ್ಕೆಯನ್ನು ನೀರಿನ ಮೇಲೆ ಎಳೆಯುತ್ತಾ ಬಡಿದಾಡತೊಡಗಿತು. ನಾನು ಹಿಗ್ಗಿನಿಂದ ಒಂದರ ಮೇಲೊಂದು ಚಿತ್ರ ತೆಗೆದೆನು. ಆಗ ಆ ಮೌನಿ ಹುಡುಗಿಯು ನನ್ನ ತೋಳು ಹಿಡಿದು ಜಗ್ಗಿದಳು.

“ಅಮ್ಮಾರ, ಅದರ ರೆಕ್ಕಿ ಮುರಿದಿಲ್ರೀ, ಮುರಿದಂಗ ಮಾಡ್ತದ. ಹುಲ್ಲಾಗ ಮರಿ ಅದಾವ್ರೀ. ಹಿಂದ ಸರೀರಿ!”

ತಾಯಿಯು ಶತ್ರುವನ್ನು ಮರಿಗಳ ಕಡೆಯಿಂದ ತನ್ನ ಕಡೆಗೆ ಸೆಳೆಯುತ್ತಿತ್ತು; ಆ ಶತ್ರುವು ನಾನು. ಇದನ್ನು ಪುಸ್ತಕದಲ್ಲಿ ಓದಿ ಎಷ್ಟೋ ವರ್ಷ ಪಾಠ ಹೇಳಿದ್ದೆನು. ಕಣ್ಣೆದುರು ಕಂಡಾಗ ಗುರುತಿಸಲಿಲ್ಲ.

ದೂರ ಸರಿದು ಕಾದೆವು. ಅಷ್ಟರಲ್ಲಿ ಎರಡು ಕಾಗೆಗಳು ಹುಲ್ಲಿಗೆ ಇಳಿದು ಎದ್ದವು. ಬೆಳಿಗ್ಗೆ ಹುಡುಗಿಯು ಏಳು ಮರಿಗಳನ್ನು ಎಣಿಸಿದ್ದಳಂತೆ. ತಾಯಿಯ ಹಿಂದೆ ನೀರಿಗಿಳಿದವು ಆರು. ಅವಳು ಎರಡು ಸಾರಿ ಎಣಿಸಿದಳು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ನಾನೂ ಮಾತಾಡಲಿಲ್ಲ.

ಚಿತ್ರವು ಬಹಳ ಚೆನ್ನಾಗಿ ಬಂದಿದೆ. ಒಂದೊಂದು ಹನಿಯೂ ಸ್ಪಷ್ಟವಾಗಿದೆ. ಅದನ್ನು ಅಚ್ಚಿಗೆ ಕೊಡಲಿಲ್ಲ. ಈ ಸಂಚಿಕೆಯಲ್ಲಿ ತಾವು ಕಾಣುವದು ಮಾವಿನಕೆರೆಯ ಬಾತುಗಳ ಬೆನ್ನು.